ಮಗ್ಗದ ಕುಣಿಗಳಿಗೆ ಗುಲಾಬಿ ಆರಿಸಿದ್ದು

ಗೋಡೆ ಬಿದ್ದಾಗ ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಫೋನಿನಲ್ಲಿದ್ದೆ. ಹಿಂದೂಪುರದಿಂದ ಗುಲಾಬಿ ಗಿಡಗಳನ್ನು ಹೇರಿಕೊಂಡು ಹೊರಟಿದ್ದ ಟೆಂಪೊದ ಡ್ರೈವರ್ ರೊದ್ದಂನಲ್ಲಿ ಗಾಡಿ ನಿಲ್ಲಿಸಿ, ಇಡ್ಲಿ ತಿಂದುಕೊಂಡು ಹೊರಡಲೇ ಎಂದು ಕೇಳುತ್ತಿದ್ದ. ಗಿಡಗಳನ್ನು ಬಿಸಿಲಿಗೆ ಬಿಡಬೇಡ, ಮರದ ನೆರಳು ನೋಡಿಕೊಂಡು ನಿಲ್ಲಿಸು ಎಂದು ನಾನು ಹೇಳುತ್ತಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ತುಂಬಿದ ಮೂಟೆಗಳನ್ನು ಒಂದರ ಮೇಲೊಂದು ಇಳಿಸಿದಂಥ ಸದ್ದಾಯಿತು. ಅಂಥ ದೊಡ್ಡ ಸದ್ದೇನಲ್ಲ. ತಿರುಗಿ ನೋಡಿದರೆ ಪಡುವಣ ಗೋಡೆ ಇರಲಿಲ್ಲ. ಅದು ಇದ್ದ ಕಡೆ ಪಕ್ಕದ ಮನೆಯವರ ನೀರಿನ ಟ್ಯಾಂಕು ಕಾಣುತ್ತಿತ್ತು, ನಡುವೆ ಧೂಳು ಎದ್ದಿತ್ತು. ಕಲ್ಲು ಮಣ್ಣಿನ ರಾಶಿಯ ಈಚೆ, ಗುಡಿಸಿದ ನೆಲದ ಮೇಲೆ, ಒಂದು ಜೊತೆ ಚಪ್ಪಲಿ ಬಿಟ್ಟವರು ಬಿಟ್ಟಂತೆಯೇ ಇತ್ತು.

ನಾನು ಹಿಂದೂಪುರದ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಸಸ್ಯಶಾಸ್ತ್ರ ಓದಿದವಳು, ಮನೆಗಳಿಗೆ ತೋಟ ಹಾಕಿಕೊಡುವುದು ನನ್ನ ಪಾಲಿನ ಕೆಲಸ. ಕಲ್ಯಾಣದುರ್ಗದ ಈ ಮನೆಯ ಕೆಲಸ ನನಗೆ ಬಂದದ್ದು ಹಿಂದಿನ ವರ್ಷದ ಮಳೆಗಾಲದಲ್ಲಿ. ನೇಯ್ಗೆಯ ಮನೆತನ. ಈಗ ನೇಯುವುದನ್ನು ಬಿಟ್ಟು ಸೀರೆ ಮಾರುತ್ತಾರೆ. ಹಿತ್ತಲಲ್ಲಿದ್ದ ಮಗ್ಗದ ಮನೆಯ ಮಾಡು ಕುಸಿದ ಮೇಲೆ ಮೂರು ಗೋಡೆ ಕೆಡವಿಸಿದ್ದರು. ಉಳಿದದ್ದು ಪಡುವಣ ಗೋಡೆ ಮತ್ತು ನೆಲದಲ್ಲಿ ಐದು ಕುಣಿಗಳು. ನೇಯುವವರು ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟುಕೊಳ್ಳುವ, ಸೊಂಟದಾಳದ ಕುಣಿಗಳು. ಆ ಮನೆಯ ಹಿರಿಯ ಸೊಸೆ, ನಾನು ಅಕ್ಕ ಎಂದು ಕರೆಯುವವರು, ಗಂಡ ತೀರಿಕೊಳ್ಳುವವರೆಗೂ ಅವರ ಪಕ್ಕದ ಕುಣಿಯಲ್ಲಿ ಕುಳಿತು ನೇಯ್ದವರು. ಮೈದುನ ಆ ಜಾಗಕ್ಕೆ ಗೋದಾಮು ಕಟ್ಟಿಸೋಣವೆಂದರೆ ಅವರು ಒಪ್ಪಲಿಲ್ಲ. ಒಬ್ಬೊಬ್ಬರು ಕುಳಿತಿದ್ದ ಕುಣಿಗೆ ಒಂದೊಂದು ಗುಲಾಬಿ ಬೇಕು ಎಂದರು.

"ಕಾಲಿಟ್ಟು ಬದುಕಿದ ಜಾಗ ಕಣಮ್ಮ. ಕಸ ಹಾಕಿ ಮುಚ್ಚಾಕೆ ಮನಸ್ಸು ಬರಾಕಿಲ್ಲ."

ಅಕ್ಕ ಫೋನಿನಲ್ಲಿ ತೋರಿಸಿದ್ದು ಮದುವೆ ಮಂಟಪಗಳಲ್ಲಿ ಕಾಣುವ ಉದ್ದ ದಂಟಿನ ದಪ್ಪ ಹೂಗಳನ್ನು. ಅವು ಪಾಲಿಹೌಸಿನ ಹೂಗಳು, ಈ ಊರಿನ ಬಿಸಿಲಿಗೂ ಬೋರಿನ ಉಪ್ಪುನೀರಿಗೂ ಎರಡು ವರ್ಷ ತಾಳುವುದಿಲ್ಲ ಎಂದೆ. ಹಳೆಯ ಕಾಲದ ಪೊದೆ ಗುಲಾಬಿಗಳೇ ಸರಿ. ಹೂ ಚಿಕ್ಕದು, ಕೊಯ್ದರೆ ಸಂಜೆಗೆ ಬಾಡುತ್ತದೆ. ಆದರೆ ಗಿಡ ಬಾಳುತ್ತದೆ. ಕಸಿ ಗಿಡ ಬೇಡ, ಕಡ್ಡಿ ನೆಟ್ಟು ಬೇರು ಬರಿಸಿದ್ದೇ ಬೇಕು ಎಂದೂ ಹೇಳಿದೆ. ಕಸಿಯ ಗಿಡ ಒಮ್ಮೆ ಒಣಗಿತೆಂದರೆ ಬುಡದಿಂದ ಚಿಗುರುವುದು ಬೇರೆ ಜಾತಿಯ ಕಾಡು ಗುಲಾಬಿ. ಸ್ವಂತ ಬೇರಿನದ್ದಾದರೆ ನೆಲಮಟ್ಟಕ್ಕೆ ಒಣಗಿದರೂ ಅದೇ ಹೂವೇ ಮತ್ತೆ ಬರುತ್ತದೆ. ಈ ಮಾತು ಅಕ್ಕನಿಗೆ ಹಿಡಿಸಿತು.

ಐದು ಜಾತಿ ಆರಿಸಿದೆ. ಪನ್ನೀರು ಗುಲಾಬಿ. ವರ್ಷವಿಡೀ ಒಂದೋ ಎರಡೋ ಹೂ ಬಿಡುವ ತಿಳಿಗೆಂಪಿನ ಚೀನಾ ಗುಲಾಬಿ. ನಮ್ಮ ನರ್ಸರಿಯಲ್ಲಿ ನಾಟಿ ಕೆಂಪು ಎನ್ನುವ ಕಡುಗೆಂಪಿನ ಪೊದೆ. ಕಮಾನಿನಂತೆ ಬಾಗಿ ಹಬ್ಬುವ, ಮೈತುಂಬ ಮುಳ್ಳಿನ ಬಿಳಿ ಗೊಂಚಲು. ಕೊನೆಯದು ಕೆನೆಬಣ್ಣದ ಟೀ ಗುಲಾಬಿ. ಇದರ ಹೂವಿನ ತೊಟ್ಟು ಸಣ್ಣ, ಹೂ ಅರಳಿದ ಮೇಲೆ ತಲೆ ಬಗ್ಗಿಸಿಬಿಡುತ್ತದೆ. ಸೋಮಂದೇಪಲ್ಲಿಯ ಕಡೆಯ ಒಂದು ಹಳೆಯ ತೋಟದಿಂದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಬೇರು ಬರಿಸಿದೆವು. ಗೋಡೆಯ ಪಕ್ಕದ ಎರಡು ಕುಣಿಗಳಿಗೆ ಎತ್ತರ ಬೆಳೆಯುವವು, ಈಚೆಯ ಮೂರಕ್ಕೆ ಗಿಡ್ಡನೆಯವು ಎಂದು ನಕ್ಷೆ ಬರೆದೆ. ಗೋಡೆಯಲ್ಲಿ ದೀಪದ ಗೂಡು ಇದ್ದುದರಿಂದ ಅಕ್ಕನಿಗೆ ಗೋಡೆ ಬೇಕಿತ್ತು. ಮಧ್ಯಾಹ್ನದ ಮೇಲೆ ಹೂಗಳಿಗೆ ನೆರಳಾಗುತ್ತದೆ ಎಂದು ನನಗೂ ಬೇಕಿತ್ತು.

ಗುಂಡಿಯ ಕೆಲಸಕ್ಕೆ ಬಂದದ್ದು ಹತ್ತಿರದ ಕುಂದುರ್ಪಿ ಊರಿನವರೊಬ್ಬರು. ಹೆಸರು ಬರೆಯುವುದಿಲ್ಲ, ಕುಂದುರ್ಪಿಯಣ್ಣ ಎಂದೇ ಕರೆಯುತ್ತಿದ್ದೆವು. ಬಾವಿ ತೋಡುವ ಮನೆಯವರು. ಈಗ ಬಾವಿ ಯಾರೂ ತೋಡಿಸುವುದಿಲ್ಲವಾಗಿ ಪಾಯ, ಪೈಪ್‌ಲೈನು, ಸಂಪು ಎಂದು ಸಿಕ್ಕ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಒಂದಿಷ್ಟು ಕುರಿ. ಬಾಯಿ ಸುಮ್ಮನಿರುತ್ತಿರಲಿಲ್ಲ. ಅಷ್ಟು ಓದಿ ಗುಲಾಬಿ ಗಿಡ ಮಾರ್ತೀಯಲ್ಲ ಮೇಡಮ್ಮ, ನಮ್ಮ ಕುರಿಗೆ ಬಿಟ್ಟರೆ ಒಂದು ಹೊತ್ತಿನ ಮೇವು ಅದು ಎಂದು ರೇಗಿಸುತ್ತಿದ್ದರು. ಮಗ್ಗದ ಕುಣಿಗೆ ಚಪ್ಪಲಿ ಕಾಲಿನಲ್ಲಿ ಇಳಿಯಬಾರದೆಂದು ಅಕ್ಕ ಮೊದಲ ದಿನವೇ ಹೇಳಿದ್ದರು. ಅವರು ಒಂದು ದಿನವೂ ಅದನ್ನು ಮರೆಯಲಿಲ್ಲ.

ಕುಣಿಗಳ ಮಣ್ಣು ಕೆಟ್ಟಿತ್ತು. ನೂಲಿಗೆ ಹಚ್ಚುವ ಗಂಜಿ, ಬಣ್ಣದ ನೀರು, ಒಲೆಯ ಬೂದಿ, ಎಲ್ಲ ವರ್ಷಗಟ್ಟಲೆ ಅಲ್ಲೇ ಇಳಿದು ಅಂಚಿನಲ್ಲಿ ಬೆಳ್ಳಗೆ ಉಪ್ಪು ಕಟ್ಟಿತ್ತು. ಅದಕ್ಕೆ ಇರುವ ಉಪಾಯ ಕುಣಿ ತುಂಬ ನೀರು ನಿಲ್ಲಿಸಿ ಇಂಗಲು ಬಿಡುವುದು; ಉಪ್ಪು ನೀರಿನೊಂದಿಗೆ ಕೆಳಗಿಳಿಯುತ್ತದೆ. ಹೀಗೆ ಹಲವು ಸಲ ಮಾಡಬೇಕು. ಪ್ರತಿ ಸಲವೂ ಮೊದಲ ಬಿಂದಿಗೆ ಅಕ್ಕನೇ ಸುರಿಯುತ್ತಿದ್ದರು, ಬಾಯಾರಿದವರಿಗೆ ಕೊಟ್ಟ ಹಾಗೆ. ಆಮೇಲೆ ಪೈಪು ಬಿಡುತ್ತಿದ್ದೆವು. ಈಚೆಯ ಮೂರು ಕುಣಿಗಳಲ್ಲಿ ನೀರು ಮರುದಿನದವರೆಗೆ ನಿಲ್ಲುತ್ತಿತ್ತು. ಗೋಡೆಯ ಪಕ್ಕದ ಎರಡರಲ್ಲಿ ಊಟ ಮಾಡಿ ಬರುವಷ್ಟರಲ್ಲಿ ಖಾಲಿ. ಒಳ್ಳೆಯ ನೆಲ, ಎಷ್ಟು ಬೇಗ ಕುಡಿಯುತ್ತದೆ ನೋಡಿ ಎಂದು ನಾವು ಮೂವರೂ ಸಂತೋಷಪಟ್ಟೆವು. ನೀರು ಹೋಗುತ್ತಿದ್ದದ್ದು ಗೋಡೆಯ ಬುಡದ ಕಲ್ಲುಗಳ ಕೆಳಕ್ಕೆ. ಆ ಕಲ್ಲುಗಳ ನಡುವೆ ಇದ್ದದ್ದು ಗಾರೆಯಲ್ಲ, ಬರೀ ಮಣ್ಣು.

ಗಿಡ ನೆಡುವ ದಿನ ಬೆಳಗ್ಗೆ ಕುಂದುರ್ಪಿಯಣ್ಣ ಗೋಡೆಯ ಪಕ್ಕದ ಮೂಲೆಯ ಕುಣಿಗೆ ಇಳಿದು, ತಳದಲ್ಲಿ ಕೂತಿದ್ದ ಕೆಸರನ್ನು ಬಾಂಡ್ಲಿಗೆ ತುಂಬಿ ಮೇಲೆ ಕೊಡುತ್ತಿದ್ದರು. ಅಕ್ಕ ಕಾಫಿ ತರಲು ಒಳಗೆ ಹೋಗಿದ್ದರು. ನನಗೆ ಡ್ರೈವರನ ಫೋನು ಬಂತು.

ರಾಶಿಯ ಮೇಲೆ ಬಿದ್ದು ಕೈಯಿಂದ ಕೆದರಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಗೋಡೆಯಲ್ಲಿದ್ದ ಕಿಟಕಿಯ ಮೇಲಿನ ಚಪ್ಪಡಿ ಕಲ್ಲು ಕುಣಿಯ ಮೂಲೆಗೆ ಅಡ್ಡ ಬಿದ್ದಿತ್ತು. ಅದರ ಕೆಳಗೆ ಮೊರದಷ್ಟು ಅಗಲದ ಸಂದು. ಅಲ್ಲಿಂದ ಧ್ವನಿ ಬಂತು.

"ಮೇಡಮ್ಮೋ. ಇದೀನಿ ಕಣಮ್ಮ."

ನೆಲಕ್ಕೆ ಮಲಗಿ ನೋಡಿದೆ. ಹಣೆ, ಕಣ್ಣು ಕಾಣುತ್ತಿದ್ದವು, ಒಂದು ಕೈಯ ಬೆರಳುಗಳು ಕಾಣುತ್ತಿದ್ದವು. ಸೊಂಟದಿಂದ ಕೆಳಕ್ಕೆ ಮಣ್ಣು ಕಲ್ಲು ಕೂತಿವೆ, ಉಸಿರಿಗೆ ತೊಂದರೆಯಿಲ್ಲ ಎಂದರು. ಅಕ್ಕ ಓಡಿ ಬಂದರು. ಬೀದಿಯವರು ಬಂದರು. ಯಾರೋ ನೂರೆಂಟಕ್ಕೆ ಫೋನು ಮಾಡಿದರು, ಇನ್ಯಾರೋ ಅಗ್ನಿಶಾಮಕಕ್ಕೆ. ಅವರಿಗಿಂತ ಮೊದಲು ಬಂದದ್ದು ಜೆಸಿಬಿ. ಹಿಂದಿನ ಬೀದಿಯಲ್ಲಿ ಚರಂಡಿ ಕೆಲಸ ನಡೆಯುತ್ತಿತ್ತು. ಅದರ ಡ್ರೈವರ್ ಸುದ್ದಿ ಕೇಳಿ ತಾನೇ ಗಾಡಿ ತಿರುಗಿಸಿಕೊಂಡು ಬಂದಿದ್ದ. ಅಕ್ಕನ ಮೈದುನ ಮುಂದೆ ನಿಂತು ಕೈಬೀಸಿ ದಾರಿ ತೋರಿಸುತ್ತಿದ್ದರು.

ಗಾಡಿ ಹಿತ್ತಲಿಗೆ ಬಂದಾಗ ನನ್ನ ಎದೆಯ ಕೆಳಗಿನ ನೆಲ ಅದುರಿತು. ಚಪ್ಪಡಿಯ ಅಂಚಿನಿಂದ ಮಣ್ಣು ಸಕ್ಕರೆಯ ಹಾಗೆ ಸಂದಿನೊಳಕ್ಕೆ ಸುರಿಯತೊಡಗಿತು. ಇಂಜಿನ್ನಿನ ಸದ್ದಿನಲ್ಲಿ ಅವರ ಮಾತು ಕೇಳಲು ನಾನು ಕಿವಿಯನ್ನೇ ಸಂದಿಗೆ ಇಡಬೇಕಾಯಿತು.

"ಆ ಗಾಡಿ ಬ್ಯಾಡಮ್ಮ. ಮಣ್ಣು ಇಳೀತಾ ಐತೆ. ನಿಲ್ಲುಸ್ಬುಡು, ಕೈಯಾಗೇ ತೆಗೀರಿ."

ಎದ್ದು ನಿಂತು ಎರಡೂ ಕೈ ಮೇಲೆತ್ತಿ ಗಾಡಿಯ ಮುಂದೆ ಹೋದೆ. ಮೈದುನ ಕೂಗಾಡಿದರು. ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಅಡ್ಡ ಬರಬೇಡ ಎಂದರು, ತೆಲುಗಿನಲ್ಲಿ ಬೇರೆ ಏನೇನೋ ಅಂದರು. ನಾನು "ಬೇಡ, ಕೈಯಲ್ಲೇ ತೆಗೆಯೋಣ" ಎಂದಷ್ಟೇ ಹೇಳುತ್ತಿದ್ದೆ. ಯಾರು ಹೇಳಿದರು ಎಂದು ಹೇಳಲು ಆಗ ನನಗೆ ತೋಚಲಿಲ್ಲ. ಡ್ರೈವರ್ ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಇಂಜಿನ್ ಆರಿಸಿದ. ಆ ನಿಶ್ಶಬ್ದ ಈಗಲೂ ನನ್ನ ಕಿವಿಯಲ್ಲಿದೆ.

ಅಗ್ನಿಶಾಮಕದವರು ಬಂದು ನೋಡಿ, ಕೈಯಲ್ಲೇ ಆಗಬೇಕು ಎಂದರು. ಅಕ್ಕ ಜಗುಲಿಯ ಮೇಲೆ ಪೇರಿಸಿಟ್ಟಿದ್ದ ಹಳೆಯ ಮಗ್ಗದ ಮರಗಳನ್ನೆಲ್ಲ ತೆಗೆದುಕೊಟ್ಟರು. ಅವುಗಳನ್ನು ಚಪ್ಪಡಿಗೆ ಆಸರೆ ನಿಲ್ಲಿಸಿದರು. ಮೇಲಿನಿಂದ ತೆಗೆದಷ್ಟೂ ಮಣ್ಣು ಜಾರುತ್ತಿದ್ದುದರಿಂದ, ಪಕ್ಕದ ಕುಣಿಗೆ ಇಳಿದು ನಡುವಿನ ಮಣ್ಣಿನ ದಂಡೆ ಕೊರೆದು ಒಳಗೆ ಹೋಗುವುದೆಂದಾಯಿತು. ಬೀದಿಯವರು ಸಾಲಾಗಿ ನಿಂತು ಬಾಂಡ್ಲಿ ಸಾಗಿಸಿದರು. ನನಗೆ ಕೊಟ್ಟ ಕೆಲಸ ಒಂದೇ. ಅವರು ಕಣ್ಣು ಮುಚ್ಚದಂತೆ ಮಾತಾಡಿಸುತ್ತಿರಬೇಕು.

ನನಗೆ ಗುಲಾಬಿ ಬಿಟ್ಟು ಬೇರೆ ಮಾತು ಬರಲಿಲ್ಲ.

"ಗಿಡ ರೊದ್ದಂ ದಾಟಿ ಬರ್ತಾ ಐತೆ ಅಣ್ಣ. ಯಾವ ಕುಣಿಗೆ ಯಾವುದು ಹಾಕೋಣ ಹೇಳು."

"ನೀನು ಕಾಗದದಾಗೆ ಬರ್ಕಂಡಿದೀಯಲ್ಲ."

"ಕಾಗದ ಮಣ್ಣಿನ ಕೆಳಗೆ ಹೋಯ್ತು."

"ನನ್ ಜೊತೆಗೇ ಬಂತಾ?" ಎಂದು ನಕ್ಕರು; ನಗು ಕೆಮ್ಮಾಯಿತು.

ಒಂದೊಂದಾಗಿ ವರ್ಣಿಸಿದೆ. ಬಿಳಿ ಗೊಂಚಲು ಹಬ್ಬುತ್ತದೆ, ಮುಳ್ಳು ವಿಪರೀತ ಎಂದೆ.

"ಹಂಗಾರೆ ಬೇಲಿ ಕಡೀಕಾಕು. ಕುರಿ ನುಗ್ಗಾಕಿಲ್ಲ."

"ಈ ಬೀದಿಗೆ ಕುರಿ ಎಲ್ಲಿಂದ ಬರ್ತಾವಣ್ಣ?"

"ಎಲ್ಲಿಂದಾನಾ ಬತ್ತವೆ. ಕುರಿಗೆ ಅಡ್ರೆಸ್ಸಾ?"

ಪನ್ನೀರು ಗುಲಾಬಿ ಬಾಗಿಲ ತಾವ ಇರಲಿ, ಒಳಗೆ ಬರುವಾಗಲೇ ವಾಸನೆ ಬರಬೇಕು ಎಂದರು. ಚೀನಾ ಗುಲಾಬಿಯ ಬಗ್ಗೆ ಅಷ್ಟು ಆಸಕ್ತಿ ತೋರಲಿಲ್ಲ. ದಿನಾ ಬಿಡೋ ಹೂವಿಗೆ ಬೆಲೆ ಇಲ್ಲ, ಎಲ್ಲಾನಾ ಹಾಕು ಎಂದರು. ನಾಟಿ ಕೆಂಪನ್ನು ಮನೆ ಯಜಮಾನರ, ಅಂದರೆ ಅಕ್ಕನ ಗಂಡನ, ಕುಣಿಗೆ ಕೊಟ್ಟರು. ತಲೆ ಬಗ್ಗಿಸುವ ಕೆನೆಬಣ್ಣದ್ದರ ಬಗ್ಗೆ ಹೇಳಿದಾಗ ಕಣ್ಣು ಮುಚ್ಚಿದರು. ಹೆದರಿ ಎರಡು ಸಲ ಕರೆದೆ.

"ಇದೀನಿ, ಇದೀನಿ. ಅದು ಅಕ್ಕಂಗೆ. ಎತ್ರುಕ್ಕೆ ಮಣ್ಣು ಹಾಕಿ ನೆಡು. ಕೆಳಗೆ ಕುಂತು ನೋಡಿದ್ರೆ ಹೂವಿನ ಮಕ ಕಾಣ್ತೈತೆ."

ಅವರು ಅದನ್ನು ಹೇಳಿದ್ದು ಕೆಳಗಿನಿಂದ ನನ್ನ ಮುಖ ನೋಡುತ್ತ.

ನೀವಿರುವ ಕುಣಿಗೆ ಯಾವುದು ಎಂದು ನಾನು ಕೇಳಬಾರದಿತ್ತು. ಲೆಕ್ಕದಲ್ಲಿ ಆ ಕುಣಿಯೊಂದು, ಚೀನಾ ಗುಲಾಬಿಯೊಂದು ಉಳಿದಿದ್ದವೆಂದು ಕೇಳಿಬಿಟ್ಟೆ. "ಇದಕ್ಕೇನೂ ಬ್ಯಾಡ, ಮುಚ್ಚಿಬುಡಿ" ಎಂದರು.

ಕಾಲು ಮೊದಲು ಉರಿಯುತ್ತಿತ್ತಂತೆ. ಆಮೇಲೆ ಜೋಮು ಹಿಡಿಯಿತು. ಮಧ್ಯಾಹ್ನವಾಗುವ ಹೊತ್ತಿಗೆ ಕಾಲು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ, ನೋವೇನೂ ಇಲ್ಲ ಎಂದರು. ನೋವಿಲ್ಲ ಎಂದದ್ದನ್ನು ನಾನು ಮೇಲೆ ನಿಂತವರಿಗೆ ಒಳ್ಳೆಯ ಸುದ್ದಿಯೆಂಬಂತೆ ಕೂಗಿ ಹೇಳಿದೆ. ಆಂಬುಲೆನ್ಸಿನವರು ಕೈ ಸಿಕ್ಕ ಕೂಡಲೇ ಸಲೈನ್ ಹಾಕಿದರು. ಬಿಸಿಲು ಇಳಿಯುವ ಹೊತ್ತಿಗೆ ಪಕ್ಕದ ಕುಣಿಯಿಂದ ಕೊರೆದವರು ಅವರ ಸೊಂಟಕ್ಕೆ ತಲುಪಿದರು. ಕಾಲ ಮೇಲಿನ ಕಲ್ಲುಗಳನ್ನು ಎತ್ತಿ ಎಳೆದುಕೊಂಡರು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಸ್ಟ್ರೆಚರಿನ ಮೇಲೆ ಮಲಗಿದ್ದವರು ಅಕ್ಕನ ಕಡೆ ತಿರುಗಿ ಹೇಳಿದರು:

"ಚಪ್ಲಿ ಅಲ್ಲೇ ಅವೆ. ಯಾರಾನಾ ಹಾಕ್ಕಂಡೋದಾರು, ನೋಡ್ಕಳವ್ವ."

ನಾವೆಲ್ಲ ನಕ್ಕೆವು. ನಾನು ಅಳುತ್ತಲೂ ಇದ್ದೆ, ಆದರೆ ನಕ್ಕದ್ದು ಹೌದು.

ಊರಿನ ಆಸ್ಪತ್ರೆಯಲ್ಲಿ ನೋಡಿ ಅನಂತಪುರಕ್ಕೆ ಕಳಿಸಿದರು. ಜೊತೆಗೆ ಹೋಗಿದ್ದ ಮೈದುನ ದಾರಿಯಿಂದಲೇ ಅಕ್ಕನಿಗೆ ಫೋನು ಮಾಡಿದರು, ಕುಂದುರ್ಪಿಯಣ್ಣ ಹೋದರು ಎಂದು. ಅಕ್ಕ ಫೋನನ್ನು ಕಿವಿಯಿಂದ ತೆಗೆದು, ಆರಿಸದೆ, ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಕುಂದುರ್ಪಿಯಿಂದ ಹೊರಟಿದ್ದ ಅವರ ಹೆಂಡತಿ ಆಗ ಇನ್ನೂ ಬಸ್ಸಿನಲ್ಲಿದ್ದರು.

ಕಾಗದಪತ್ರಕ್ಕೆಂದು ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರೊಬ್ಬರು ನನಗೆ ಬಿಡಿಸಿ ಹೇಳಿದರು. ಭಾರದ ಕೆಳಗೆ ಬಹಳ ಹೊತ್ತು ನಜ್ಜಿದ ಮಾಂಸಖಂಡಗಳಲ್ಲಿ ವಿಷ ಕೂಡಿಕೊಳ್ಳುತ್ತದೆ. ಭಾರ ಇರುವವರೆಗೆ ಅದು ಅಲ್ಲೇ ಇರುತ್ತದೆ, ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ. ಭಾರ ತೆಗೆದ ಮೇಲೆ ರಕ್ತಕ್ಕೆ ಇಳಿದು ಹೃದಯ ನಿಲ್ಲಿಸುತ್ತದೆ. ಸಲೈನ್ ಹಾಕಿದ್ದು ಸರಿಯಾಗಿಯೇ ಇತ್ತು, ಆದರೂ ಹೊತ್ತು ಮೀರಿತ್ತು ಎಂದರು. ಜೆಸಿಬಿಯಲ್ಲಿ ಬೇಗ ತೆಗೆದಿದ್ದರೆ ಎಂದು ಕೇಳಿದೆ. ಮಣ್ಣು ಕುಸಿದು ಆಗಲೇ ಹೋಗಿರಬಹುದಿತ್ತು, ಬದುಕಿಯೂ ಇರಬಹುದಿತ್ತು, ಆ ಲೆಕ್ಕ ಯಾರೂ ಹಾಕಲಾರರಮ್ಮ ಎಂದರು.

ನಾನು ಹಾಕುತ್ತಲೇ ಇದ್ದೆ. ಹಿಂದೂಪುರದ ನನ್ನ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಇಂಜಿನ್ ಆರುತ್ತಿತ್ತು, ಆ ನಿಶ್ಶಬ್ದಕ್ಕೆ ಎಚ್ಚರವಾಗುತ್ತಿತ್ತು. ಆ ಮೇಡಮ್ಮ ಜೆಸಿಬಿ ನಿಲ್ಲಿಸದಿದ್ದರೆ ಬದುಕುತ್ತಿದ್ದ ಎಂಬ ಮಾತು ಕಲ್ಯಾಣದುರ್ಗದಲ್ಲಿ ಓಡಾಡುತ್ತಿತ್ತು. ಅವರೇ ಬೇಡವೆಂದರು ಎಂದು ನಾನು ಯಾರಿಗೂ ಹೇಳಲಿಲ್ಲ. ಕೇಳಿಸಿಕೊಂಡದ್ದು ನನ್ನೊಬ್ಬಳ ಕಿವಿ. ಹೇಳಿದವರು ಇಲ್ಲ. ಸತ್ತವರ ಮೇಲೆ ಹೊರಿಸಿದಂತಾಗುತ್ತದೆ.

ಗಿಡಗಳು ಆ ದಿನದ ಗಲಾಟೆಯ ನಡುವೆಯೇ ಬಂದು ಇಳಿದಿದ್ದವು. ಯಾರನ್ನೂ ಕೇಳದೆ ಟೆಂಪೊದವನೇ ಬೇವಿನ ಮರದ ಕೆಳಗೆ ಇಟ್ಟು ನೀರು ಹಾಕಿ ಹೋಗಿದ್ದ. ಅಕ್ಕ ಐದು ಕುಣಿಗಳಿಗೂ ಪೂಜೆ ಮಾಡಿಸಿ ಕೆಂಪು ಮಣ್ಣು ಹಾಕಿಸಿ ಮುಚ್ಚಿಸಿದರು. ಅದಾದ ಮೇಲೆ ಒಂದು ದಿನ ಫೋನು ಮಾಡಿ, ಗಿಡ ಪಾಕೀಟಿನಲ್ಲಿ ಒಣಗುತ್ತಿವೆ, ಬಂದು ನೆಡು ಎಂದರು. ಮನೆಯ ಮುಂದಿನ ಬಯಲು ಜಾಗದಲ್ಲಿ ನೆಟ್ಟೆವು. ಬಿಳಿಯದು ಬೇಲಿಗೆ. ಪನ್ನೀರು ಬಾಗಿಲಿಗೆ. ಕೆನೆಬಣ್ಣದ್ದಕ್ಕೆ ಮೊಣಕಾಲೆತ್ತರ ದಿಬ್ಬ ಮಾಡಿ, ಕೆಳಗೆ ಕೂರಲು ಒಂದು ಕಲ್ಲು ಹಾಕಿಸಿದೆ. ನಕ್ಷೆ ಏಕೆ ಬದಲಾಯಿತೆಂದು ಅಕ್ಕ ಕೇಳಲಿಲ್ಲ. ಕೈ ತೊಳೆಯುವಾಗ ಹೇಳಿದರು:

"ಅವನ ಹೆಂಡ್ರು ಬಂದಿದ್ಳು. ಒಳಗಿದ್ದಾಗ ಏನೇನಂದ ಅಂತ ಕೇಳಿದ್ಳು. ನನಗೇನು ಗೊತ್ತು? ಕಿವಿ ಇಟ್ಕಂಡು ಮಲಗಿದ್ದೋಳು ನೀನು. ನೀನು ಹೋಗ್ಬೇಕು ಕಣಮ್ಮ."

ಕುಂದುರ್ಪಿಯ ಬಸ್ಸು ಹತ್ತಿದಾಗ ಸಂಜೆ ನಾಲ್ಕರ ಮೇಲಾಗಿತ್ತು. ಅವರ ಮನೆ ಕೇಳಿಕೊಂಡು ಹೋದೆ. ಆಕೆ ಅಂಗಳದಲ್ಲಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅತ್ತೆ, ಆಚೆ ರೊಪ್ಪದಲ್ಲಿ ಕುರಿಗಳು. ಯಾರೆಂದು ಹೇಳಿದೆ. ಕೂತ್ಕೊ ಎನ್ನಲಿಲ್ಲ. ನಾನೇ ಕುಳಿತು, ಮುಂದಿದ್ದ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ಬಿಡಿಸತೊಡಗಿದೆ.

ಎಲ್ಲ ಹೇಳಿದೆ. ಗೋಡೆ, ನೀರು, ಚಪ್ಪಡಿ. ಗುಲಾಬಿಗಳನ್ನು ಹಂಚಿದ್ದು. ಕುರಿಯ ಅಡ್ರೆಸ್ಸಿನ ಮಾತಿಗೆ ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ನೋವಿಲ್ಲ ಎಂದದ್ದನ್ನು ಹೇಳಿದೆ, ಅದರ ಅರ್ಥ ಆಮೇಲೆ ವೈದ್ಯರಿಂದ ತಿಳಿದದ್ದನ್ನೂ ಹೇಳಿದೆ. ಜೆಸಿಬಿಯ ಮಾತನ್ನು ಮಾತ್ರ ಹಾರಿಸಿಕೊಂಡು ಮುಂದೆ ಹೋಗಿದ್ದೆ. ಆಕೆ ಕೈ ನಿಲ್ಲಿಸಿದರು.

"ಗಾಡಿ ಬ್ಯಾಡ ಅಂದೋರು ಯಾರು?"

"ನಾನು."

"ನೀನೇ?"

ಆಗ ಹೇಳಿದೆ. ಅವರು ಅಂದ ಮಾತನ್ನು ಅವರು ಅಂದ ಹಾಗೆಯೇ. ನನ್ನೊಬ್ಬಳನ್ನು ಬಿಟ್ಟು ಯಾರೂ ಕೇಳಿಲ್ಲ, ನಂಬಲೇಬೇಕೆಂದು ಹೇಳಲು ನಾನು ಬಂದಿಲ್ಲ ಎಂದೆ. ಆಕೆ ಬಹಳ ಹೊತ್ತು ಕಾಯಿ ಬಿಡಿಸಿದರು.

"ಬಾವಿ ತೋಡೋರ ಮಗ. ಮಣ್ಣು ಎಂಗೆ ಇಳೀತದೆ ಅಂತ ನಿನಗಿಂತ ಅವನಿಗೆ ಗೊತ್ತು" ಎಂದರು ಕೊನೆಗೆ. "ಅವನಿಗೆ ಗಾಡಿ ಬೇಕಿದ್ದು, ನೀನು ಬ್ಯಾಡ ಅಂದಿದ್ರೆ, ಸುಮ್ನಿರ್ತಿದ್ನಾ? ಒಳಗಿಂದ್ಲೇ ನಿನ್ನ ವಂಶ ಜಾಲಾಡ್ಬುಡೋನು."

ಅತ್ತೆ ಹೂಂ ಎಂದರು.

"ಬಸ್ಸು ಹೋಯ್ತು. ಉಂಡು ಮಲಕ್ಕ" ಎಂದು ಆಕೆ ಎದ್ದು ಒಲೆ ಹಚ್ಚಲು ಹೋದರು.

ಮುದ್ದೆ, ಹುರುಳಿ ಸಾರು. ಪಡಸಾಲೆಯಲ್ಲಿ ನಮ್ಮಿಬ್ಬರಿಗೂ ಪಕ್ಕಪಕ್ಕದಲ್ಲಿ ಚಾಪೆ ಹಾಸಿದರು. ಕುರಿಗಳು ಮೆಲುಕು ಹಾಕುವುದು ಕೇಳುತ್ತಿತ್ತು. ಇಂಜಿನ್ ಆರುವುದನ್ನು ಕಾಯುತ್ತ ಮಲಗಿದೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ಬಾಗಿಲಿನಿಂದ ಬಿಸಿಲು ಚಾಪೆಯವರೆಗೆ ಬಂದಿತ್ತು. ಪಕ್ಕದ ಚಾಪೆ ಮಡಿಸಿತ್ತು, ರೊಪ್ಪ ಖಾಲಿ. ಅತ್ತೆ ಹೊಸ್ತಿಲಲ್ಲಿ ಕುಳಿತಿದ್ದರು. ನಿನ್ನನ್ನು ಎಬ್ಬಿಸಬೇಡ ಎಂದು ಹೇಳಿ ಕುರಿ ಹೊಡೆದುಕೊಂಡು ಹೋದಳು ಎಂದರು. ಇಷ್ಟು ಹೊತ್ತಾಗಿದ್ದಕ್ಕೆ ನಾನು ಸಂಕೋಚಪಟ್ಟೆ.

"ಅವಳೂ ಈಗ ತಾನೇ ಹೋದ್ಲು ಬಿಡಮ್ಮ" ಎಂದರು. "ಅವನು ಹೋದ್ ಮ್ಯಾಕೆ ಅವಳು ಹೊತ್ತು ಹುಟ್ಟೋಗಂಟ ಮಲಗಿದ್ದು ಇವತ್ತೇಯ. ಕುರಿಗಳೇ ಅರಚಿ ಅರಚಿ ಎಬ್ಬಿಸಿದ್ವು."